ಹಲ್ಲು ಹುಟ್ಟುವ ಕಾಲದ ಮದ್ದುಗಳು: ಮಗುವಿಗೆ ಹಿತವೆಷ್ಟು, ಅಪಾಯವೆಷ್ಟು?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಮನೆಯ ಹಿರಿಯರ ಗಮನ ಅದರ ವಸಡಿನತ್ತ ಹರಿಯುತ್ತದೆ. ಜೊಲ್ಲು ಸುರಿಯತೊಡಗಿದರೆ, ಕೈಗೆ ಸಿಕ್ಕಿದ್ದನ್ನೆಲ್ಲ ಮಗು ಬಾಯಿಗಿಟ್ಟು ಕಚ್ಚತೊಡಗಿದರೆ ಹಲ್ಲು ಬರುವ ಕಾಲ ಬಂದಿತೆಂದು ಅರ್ಥ. ಅದರೊಂದಿಗೇ ಸಾಣೆಕಲ್ಲು ಹೊರಬರುತ್ತದೆ, ಗ್ರಂಥಿಗೆ ಅಂಗಡಿಯಿಂದ ಬಜೆ, ಜಾಯಿಕಾಯಿ, ಮಾಚಿಕಾಯಿ ಬರುತ್ತವೆ. ಪೇಟೆಯ ಔಷಧ ಅಂಗಡಿಯಿಂದ ವಸಡಿಗೆ ಸವರುವ ಮುಲಾಮು, 'ಹಲ್ಲು ಹುಟ್ಟುವ ಮಾತ್ರೆ', ಗ್ರೈಪ್ ವಾಟರ್ ಸಹ ಮನೆ ಸೇರುತ್ತವೆ.

ಇವುಗಳಲ್ಲಿ ಯಾವುದೊಂದೂ ಹಲ್ಲು ಹುಟ್ಟುವುದನ್ನು ಸುಲಭಗೊಳಿಸುತ್ತದೆ ಎಂಬುದಕ್ಕೆ ವೈದ್ಯಕೀಯವಾಗಿ ಒಪ್ಪುವಂತಹ ಆಧಾರವಿಲ್ಲ. ಕೆಲವು ನಿರುಪದ್ರವಿಯಾದರೆ, ಕೆಲವು ಶಿಶುವಿನ ಜೀವಕ್ಕೇ ಎರವಾಗಬಲ್ಲವು. ಇವೆರಡಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಜ್ವರ ಬಂದರೂ, ಭೇದಿಯಾದರೂ 'ಹಲ್ಲು ಬರುತ್ತಿದೆ, ಹೀಗೆಯೇ ಆಗುತ್ತದೆ' ಎಂದು ಚಿಕಿತ್ಸೆಯನ್ನು ಮುಂದೂಡುವ ನಂಬಿಕೆಯೇ ಆ ಅಪಾಯ.

ಹಲ್ಲು ಹುಟ್ಟುವ ಕ್ರಮ

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಕೆಳದವಡೆಯ ಮುಂಭಾಗದ ಎರಡು ಹಲ್ಲುಗಳು ಮೊದಲು ಕಾಣಿಸಿಕೊಳ್ಳುತ್ತವೆ. 8ರಿಂದ 12 ತಿಂಗಳಲ್ಲಿ ಮೇಲ್ದವಡೆಯ ಮುಂಭಾಗದ ಹಲ್ಲುಗಳು ಬರುತ್ತವೆ. ಮಗುವಿಗೆ ಮೂರು ವರ್ಷ ತುಂಬುವುದರೊಳಗೆ ಎಲ್ಲ ಹಾಲುಹಲ್ಲುಗಳೂ ಬಂದಿರುತ್ತವೆ. ಕೆಲವು ಮಕ್ಕಳಲ್ಲಿ ನಾಲ್ಕನೆಯ ತಿಂಗಳಿಗೇ ಹಲ್ಲು ಮೂಡಬಹುದು, ಕೆಲವರಲ್ಲಿ ವರ್ಷ ಕಳೆದರೂ ಮೂಡದಿರಬಹುದು. 18 ತಿಂಗಳಾದರೂ ಒಂದೂ ಹಲ್ಲು ಬಾರದಿದ್ದಲ್ಲಿ ದಂತವೈದ್ಯರಿಗೆ ತೋರಿಸುವುದು ಉಚಿತ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆಂಬ ನಂಬಿಕೆ ಹಳೆಯ ಮೈಸೂರು ಭಾಗದಲ್ಲಿ ಇಂದಿಗೂ ಕೇಳಿಬರುತ್ತದೆ. ಹಲ್ಲಿನ ಕ್ರಮದಲ್ಲಿ ಮಗುವಿನಿಂದ ಮಗುವಿಗೆ ಸಹಜವಾಗಿಯೇ ವ್ಯತ್ಯಾಸವಿರುತ್ತದೆ. ಅದರಲ್ಲಿ ಶಕುನ ಹುಡುಕಬೇಕಾದ್ದೇನೂ ಇಲ್ಲ.

ಹಲ್ಲು ವಸಡನ್ನು ಸೀಳಿ ಬರುವ ಮೊದಲಿನ ಮತ್ತು ನಂತರದ ಕೆಲವು ದಿನ ಮಗು ಕಿರಿಕಿರಿ ಮಾಡುವುದು, ಜೊಲ್ಲು ಸುರಿಸುವುದು, ವಸಡು ತುಸು ಊದಿ ಕೆಂಪಾಗುವುದು, ನಿದ್ದೆ ಮತ್ತು ಹಸಿವು ಸ್ವಲ್ಪ ತಗ್ಗುವುದು ಸಹಜ. ಮೈ ಕೊಂಚ ಬೆಚ್ಚಗಾಗಬಹುದು. ಇವೆಲ್ಲವೂ ತಾವಾಗಿಯೇ ಶಮನವಾಗುತ್ತವೆ.

ಜ್ವರ, ಭೇದಿಗೆ ಹಲ್ಲು ಕಾರಣವೇ?

ಅಮೆರಿಕದ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 475 ಹಲ್ಲುಗಳು ಮೂಡಿದ ದಿನಗಳ ಲಕ್ಷಣಗಳನ್ನು ತಾಯ್ತಂದೆಯರು ಪ್ರತಿದಿನ ದಾಖಲಿಸಿದ್ದರು. ಹಲ್ಲು ಮೂಡುವ ಆಸುಪಾಸಿನ ಎಂಟು ದಿನಗಳಲ್ಲಿ ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ಕಿರಿಕಿರಿ ಮುಂತಾದ ಸೌಮ್ಯ ಲಕ್ಷಣಗಳು ಹೆಚ್ಚಿದ್ದವು. ಆದರೆ ತೀವ್ರ ಜ್ವರಕ್ಕೂ ಹಲ್ಲಿಗೂ ಸಂಬಂಧ ಕಂಡುಬರಲಿಲ್ಲ. ಯಾವ ಲಕ್ಷಣವನ್ನು ನೋಡಿಯೂ ಇಂಥ ದಿನ ಹಲ್ಲು ಬರುತ್ತದೆಂದು ಹೇಳಲು ಸಾಧ್ಯವಾಗಲಿಲ್ಲ.

ಹಾಗಾದರೆ ಈ ವಯಸ್ಸಿನಲ್ಲಿಯೇ ಮಕ್ಕಳು ಪದೇ ಪದೇ ಕಾಯಿಲೆ ಬೀಳುವುದೇಕೆ? ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಆರನೆಯ ತಿಂಗಳ ಹೊತ್ತಿಗೆ ಕುಂದಿರುತ್ತದೆ. ಮಗು ಅಂಬೆಗಾಲಿಡುತ್ತ ನೆಲದ ಮೇಲಿನ ವಸ್ತುಗಳನ್ನು ಬಾಯಿಗಿಡುತ್ತದೆ. ಎದೆಹಾಲಿನ ಜೊತೆಗೆ ರಾಗಿ ಸರಿ, ಅನ್ನದ ಗಂಜಿ, ನೀರು ಆರಂಭವಾಗುತ್ತವೆ. ಬಟ್ಟಲು, ಚಮಚ, ಕೈಗಳು ಶುಚಿಯಾಗಿರದಿದ್ದರೆ ರೋಗಾಣುಗಳು ಹೊಟ್ಟೆ ಸೇರುತ್ತವೆ. ಹಲ್ಲು ಮತ್ತು ಭೇದಿ ಒಂದೇ ವಯಸ್ಸಿನಲ್ಲಿ ಬರುತ್ತವೆಯೇ ಹೊರತು ಒಂದರಿಂದ ಇನ್ನೊಂದು ಬರುವುದಿಲ್ಲ.

ಈ ಭೇದವನ್ನು ಅರಿಯದಿದ್ದರೆ ತೆರಬೇಕಾದ ಬೆಲೆ ದೊಡ್ಡದು. ಏಳೆಂಟು ಕಿಲೋ ತೂಗುವ ಶಿಶುವಿನ ದೇಹದಲ್ಲಿರುವ ನೀರು ಅಲ್ಪ. ಭೇದಿ, ವಾಂತಿ ಒಂದೇ ದಿನ ಮುಂದುವರಿದರೂ ಅದು ನಿರ್ಜಲೀಕರಣಕ್ಕೆ ಗುರಿಯಾಗಬಲ್ಲದು. 'ಹಲ್ಲಿನ ಭೇದಿ'ಯೆಂದು ಸುಮ್ಮನಿದ್ದ ಎರಡು ದಿನಗಳೇ ಮಗುವನ್ನು ಉಳಿಸಿಕೊಳ್ಳಬಹುದಾಗಿದ್ದ ದಿನಗಳಾಗಿರುತ್ತವೆ.

ಸಾಣೆಕಲ್ಲಿನ ಮದ್ದು

ಬಜೆಯನ್ನು ಸುಟ್ಟೋ ಹಸಿಯಾಗಿಯೋ ಸಾಣೆಕಲ್ಲಿನ ಮೇಲೆ ತೇಯ್ದು, ಎದೆಹಾಲು ಅಥವಾ ಜೇನಿನಲ್ಲಿ ಬೆರೆಸಿ ನೆಕ್ಕಿಸುವ ರೂಢಿ ದಕ್ಷಿಣ ಭಾರತದಾದ್ಯಂತ ಇದೆ. ಮಾತು ಬೇಗ ಬರುತ್ತದೆ, ಹೊಟ್ಟೆನೋವು ಶಮನವಾಗುತ್ತದೆ, ಹಲ್ಲು ಸುಲಭವಾಗಿ ಬರುತ್ತದೆ ಎಂಬುವು ಅದರ ಹಿಂದಿನ ನಂಬಿಕೆಗಳು. ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಭಾರತದಲ್ಲಿ ಬೆಳೆಯುವ ಬಜೆಯಲ್ಲಿ ಇದರ ಪ್ರಮಾಣ ಹೆಚ್ಚು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕ್ಯಾನ್ಸರ್‌ಕಾರಕವೆಂದು ಕಂಡುಬಂದುದರಿಂದ ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಒಮ್ಮೆ ನಾಲಿಗೆಗೆ ತಾಗಿಸಿದ ಮಾತ್ರಕ್ಕೆ ಅನಾಹುತವಾಗುತ್ತದೆಂದು ಇದರ ಅರ್ಥವಲ್ಲ. ಆದರೆ ತೇಯುವ ಸುತ್ತುಗಳ ಲೆಕ್ಕದಲ್ಲಿ ಕೊಡುವ ಮದ್ದಿನಲ್ಲಿ ಎಷ್ಟು ಅಂಶ ಮಗುವಿನ ಹೊಟ್ಟೆ ಸೇರಿತೆಂಬುದನ್ನು ಅಳೆಯುವ ದಾರಿ ಇಲ್ಲ.

ಜಾಯಿಕಾಯಿಯ ಮಾತೂ ಅದೇ. ಅದನ್ನು ನೆಕ್ಕಿಸಿದರೆ ಮಗು ನೆಮ್ಮದಿಯಾಗಿ ಮಲಗುತ್ತದೆಂದು ಹೇಳುವುದುಂಟು. ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ಮಂಪರು ತರುವ ಅಂಶವಿದೆ. ಪ್ರಮಾಣ ಮೀರಿದರೆ ಅತಿಯಾದ ತೂಕಡಿಕೆ, ಹೃದಯ ಬಡಿತದಲ್ಲಿ ಏರಿಕೆ, ಚಡಪಡಿಕೆ ಉಂಟಾಗಬಹುದು. ನೋವು ಶಮನವಾಗಿ ಮಲಗುವುದಕ್ಕೂ ಮಂಪರಿನಿಂದ ಮಲಗುವುದಕ್ಕೂ ಅಂತರವಿದೆ.

ಸಾಣೆಕಲ್ಲು, ಬೆರೆಸುವ ನೀರು, ನೆಕ್ಕಿಸುವ ಬೆರಳು ಇವುಗಳ ಶುಚಿತ್ವವೂ ಮುಖ್ಯ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರನ್ನೂ ಕೊಡಬಾರದೆಂದು ವೈದ್ಯರು ಹೇಳುವುದು ಸೋಂಕಿನ ಈ ದಾರಿಯನ್ನು ಮುಚ್ಚುವುದಕ್ಕಾಗಿಯೂ ಹೌದು.

ಜೇನು ಮತ್ತು ಬಿಳಿಗಾರ

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನು ಸಂಗ್ರಹ ಜೇನುಕುರುಬರ ತಲೆತಲಾಂತರದ ಕಸುಬು. ಶುದ್ಧ ಕಾಡುಜೇನಿಗೆ ಪೇಟೆಯಲ್ಲಿಯೂ ಬೇಡಿಕೆಯಿದೆ. ಜೇನು ದೊಡ್ಡವರಿಗೆ ಒಳ್ಳೆಯ ಆಹಾರ, ಆದರೆ ಒಂದು ವರ್ಷ ತುಂಬದ ಮಗುವಿಗೆ ಅದನ್ನು ಒಂದು ಹನಿಯೂ ಕೊಡಬಾರದು. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಇರಬಹುದು. ಶಿಶುವಿನ ಕರುಳಿನಲ್ಲಿ ಇವು ಮೊಳೆತು ವಿಷ ಉತ್ಪಾದಿಸುತ್ತವೆ. ಮಲಬದ್ಧತೆ, ಹಾಲು ಚೀಪಲಾಗದಿರುವುದು, ಕ್ಷೀಣವಾದ ಅಳು, ಜೋತುಬೀಳುವ ರೆಪ್ಪೆ, ಮೈ ಬಿಗಿ ತಪ್ಪುವುದು ಇದರ ಲಕ್ಷಣಗಳು. ಮುಂದುವರಿದರೆ ಉಸಿರಾಟವೇ ನಿಲ್ಲಬಹುದು. ಜೇನು ಶುದ್ಧವಾಗಿದ್ದರೂ ಈ ಅಪಾಯ ತಪ್ಪುವುದಿಲ್ಲ, ಕಾಯಿಸಿದರೂ ಬೀಜಕಣಗಳು ಸಾಯುವುದಿಲ್ಲ.

ಬಾಯಿಹುಣ್ಣಿಗೂ ಹಲ್ಲು ಬರುವ ವಸಡಿಗೂ ಜೇನಿನಲ್ಲಿ ಬಿಳಿಗಾರ ಕಲಸಿ ಹಚ್ಚುವುದು ಇನ್ನೊಂದು ಹಳೆಯ ಪದ್ಧತಿ. ಬಿಳಿಗಾರವೆಂದರೆ ಬೋರಾಕ್ಸ್. ಇದು ನಮ್ಮ ನಾಡಿಗಷ್ಟೇ ಸೀಮಿತವಾಗಿರಲಿಲ್ಲ. ಬ್ರಿಟನ್ನಿನಲ್ಲಿಯೂ ಜೇನು ಮತ್ತು ಬೋರಾಕ್ಸ್ ಮಿಶ್ರಣದಲ್ಲಿ ಚೀಪುವ ರಬ್ಬರ್ ನಿಪ್ಪಲ್ ಅದ್ದಿ ಮಕ್ಕಳಿಗೆ ಕೊಡುವ ಅಭ್ಯಾಸವಿತ್ತು. ಹೀಗೆ ಹಲವು ವಾರ ಚೀಪಿದ ಏಳು ಶಿಶುಗಳಿಗೆ ಫಿಟ್ಸ್ ಬಂದ ವರದಿ 1983ರಲ್ಲಿ ಪ್ರಕಟವಾಯಿತು. ಮಿಶ್ರಣವನ್ನು ನಿಲ್ಲಿಸಿದ ಮೇಲೆ ಫಿಟ್ಸ್ ಸಹ ನಿಂತಿತು. ಬಿಳಿಗಾರ ಶಿಶುವಿನ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ ದಿನವೂ ಕೊಂಚ ಕೊಂಚವೇ ಸಂಗ್ರಹವಾಗುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂಬ ಕಾರಣಕ್ಕೆ ಅದನ್ನು ನಿರುಪಾಯಕಾರಿ ಎನ್ನಲಾಗದು.

ಕರ್ಪೂರ ಹಾಗೂ ನೀಲಗಿರಿ ಎಣ್ಣೆಯನ್ನೂ ಮಗುವಿನ ಬಾಯಿಯ ಬಳಿ ತರಬಾರದು. ಇವು ಅಲ್ಪ ಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಫಿಟ್ಸ್ ಬರುವ ಸಂಭವವಿದೆ.

ಅಂಗಡಿಯ ಮುಲಾಮು ಮತ್ತು ಮಾತ್ರೆ

ವಸಡನ್ನು ಮರಗಟ್ಟಿಸುವ ಮುಲಾಮುಗಳಲ್ಲಿ ಬೆಂಜೋಕೇನ್ ಅಥವಾ ಲಿಗ್ನೋಕೇನ್ ಇರುತ್ತದೆ. ಬೆಂಜೋಕೇನ್‌ನಿಂದ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಒಯ್ಯುವ ಶಕ್ತಿ ಕಳೆದುಕೊಳ್ಳುವ ಮೆಥೆಮೊಗ್ಲೋಬಿನೀಮಿಯಾ ಎಂಬ ಸ್ಥಿತಿ ಉಂಟಾಗಬಹುದು. ಆಗ ತುಟಿ, ಉಗುರು ನೀಲಿಗಟ್ಟುತ್ತವೆ, ಮಗು ಏದುಸಿರು ಬಿಡುತ್ತದೆ. ಈ ಕಾರಣದಿಂದ ಎರಡು ವರ್ಷದೊಳಗಿನ ಮಕ್ಕಳ ಹಲ್ಲು ನೋವಿಗೆ ಬೆಂಜೋಕೇನ್ ಮುಲಾಮು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರ ಮೇ ತಿಂಗಳಿನಲ್ಲಿ ಎಚ್ಚರಿಸಿತು. ಲಿಗ್ನೋಕೇನ್ ದ್ರಾವಣದ ವಿಷಯದಲ್ಲಿ 2014ರಲ್ಲಿಯೇ ಅದೇ ಸಂಸ್ಥೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತ್ತು. ಮಗು ನುಂಗಿದರೆ ಫಿಟ್ಸ್, ಹೃದಯದ ತೊಂದರೆ, ಸಾವೂ ಸಂಭವಿಸಬಹುದು. ಅಷ್ಟಕ್ಕೂ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನೊಂದಿಗೆ ಮುಲಾಮು ತೊಳೆದುಹೋಗುವುದರಿಂದ ಪ್ರಯೋಜನವೂ ಅಷ್ಟಕ್ಕಷ್ಟೇ.

ದೊಡ್ಡವರ ಬಾಯಿಹುಣ್ಣಿಗೆಂದು ಮಾರುವ ಕೆಲವು ಮುಲಾಮುಗಳಲ್ಲಿ ಕೋಲಿನ್ ಸ್ಯಾಲಿಸಿಲೇಟ್ ಇದೆ. ಇದು ಆಸ್ಪಿರಿನ್ ಜಾತಿಗೆ ಸೇರಿದ್ದು. ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೈಸ್ ಸಿಂಡ್ರೋಮ್‌ನ ಸಾಧ್ಯತೆಯನ್ನು ಮನಗಂಡು ಬ್ರಿಟನ್ 2009ರಲ್ಲಿ 16 ವರ್ಷದೊಳಗಿನವರಿಗೆ ಇಂತಹ ಮುಲಾಮು ಬೇಡವೆಂದಿತು. ಮನೆಯಲ್ಲಿ ಅಪ್ಪನಿಗೋ ಅಜ್ಜನಿಗೋ ತಂದ ಮುಲಾಮನ್ನು ಮಗುವಿಗೆ ಸವರುವುದು ಯಾವ ಕಾರಣಕ್ಕೂ ಸಲ್ಲದು.

ಹಲ್ಲು ಹುಟ್ಟುವ ಕಾಲಕ್ಕೆಂದು ಮಾರಾಟವಾಗುವ ಹೋಮಿಯೋಪಥಿ ಮಾತ್ರೆಗಳು ಪರಿಣಾಮಕಾರಿ ಎಂಬುದಕ್ಕೆ ದೃಢವಾದ ಪುರಾವೆಯಿಲ್ಲ. ಅಮೆರಿಕದಲ್ಲಿ ಇಂತಹ ಕೆಲವು ಮಾತ್ರೆಗಳಲ್ಲಿ ಬೆಲ್ಲಡೋನಾ ಎಂಬ ವಿಷಸಸ್ಯದ ಅಂಶ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿರುವುದು ಪ್ರಯೋಗಾಲಯದ ಪರೀಕ್ಷೆಯಲ್ಲಿ 2017ರಲ್ಲಿ ಪತ್ತೆಯಾಯಿತು. ಅದೇ ವರ್ಷ ಅವುಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮಾತ್ರೆಗಳ ಸೂತ್ರ ಬೇರೆ. ಆದರೂ ಪ್ಯಾಕೆಟ್ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದದೆ, ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳಿಲ್ಲದ ಯಾವ ಮಾತ್ರೆಯನ್ನೂ ಕೊಳ್ಳಬಾರದೆಂಬ ಪಾಠ ಎಲ್ಲರಿಗೂ ಅನ್ವಯಿಸುತ್ತದೆ. ಸಂತೆ, ಜಾತ್ರೆಗಳಲ್ಲಿ ಕಾಗದದ ಪೊಟ್ಟಣ ಕಟ್ಟಿ ಕೊಡುವ ಪುಡಿಗಳಿಗೆ ಈ ಯಾವ ವಿವರವೂ ಇರುವುದಿಲ್ಲ.

ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ ಹಲ್ಲು ಬೇಗ ಬರುತ್ತದೆಂಬುದೂ ತಪ್ಪು ತಿಳಿವಳಿಕೆ. ಹಾಲುಹಲ್ಲುಗಳು ರೂಪುಗೊಳ್ಳಲಾರಂಭಿಸುವುದು ತಾಯಿಯ ಗರ್ಭದಲ್ಲಿಯೇ.

ಸರ, ಬಳೆ, ತಾಯಿತ

ಬಜೆಯ ತುಂಡುಗಳನ್ನು ಪೋಣಿಸಿದ ಬಳೆಯನ್ನು ಮಗುವಿನ ಕೈಗೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಕೊರಳಿಗೆ ಕರಿಮಣಿ, ತಾಯಿತಗಳೂ ಇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ಮಾರಾಟದ ಮೂಲಕ ಅಂಬರ್ ಮಣಿಯ ಸರಗಳೂ ಬರತೊಡಗಿವೆ. ಮಣಿಯಿಂದ ನೋವುನಿವಾರಕ ಅಂಶ ಚರ್ಮದೊಳಗೆ ಇಳಿಯುತ್ತದೆಂಬ ಮಾರಾಟಗಾರರ ಮಾತಿಗೆ ಆಧಾರವಿಲ್ಲ. ಮಲಗಿದ್ದಾಗ ಸರ ಕೊರಳಿಗೆ ಬಿಗಿದು 18 ತಿಂಗಳ ಮಗುವೊಂದು ಮೃತಪಟ್ಟ ಪ್ರಕರಣವನ್ನು ಉಲ್ಲೇಖಿಸಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರ ಡಿಸೆಂಬರ್‌ನಲ್ಲಿ ಇಂತಹ ಸರ, ಬಳೆಗಳ ವಿರುದ್ಧ ಎಚ್ಚರಿಕೆ ಹೊರಡಿಸಿತು. ದಾರ ಹರಿದು ಮಣಿ ಗಂಟಲಲ್ಲಿ ಸಿಲುಕುವುದು ಇನ್ನೊಂದು ಅಪಾಯ.

ಲೋಹದ ಮಣಿಗಳಲ್ಲಿ ಸೀಸವಿರುವ ಸಂಭವವೂ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2016ರಲ್ಲಿ ಒಂಬತ್ತು ತಿಂಗಳ ಮಗುವೊಂದರ ರಕ್ತದ ಪ್ರತಿ ಡೆಸಿಲೀಟರ್‌ನಲ್ಲಿ 41 ಮೈಕ್ರೋಗ್ರಾಂ ಸೀಸ ಕಂಡುಬಂತು. ಹಲ್ಲಿನ ಬೇನೆಗೆಂದು ತೊಡಿಸಿದ್ದ, ಮಗು ಆಗಾಗ ಕಚ್ಚುತ್ತಿದ್ದ ಕೈಬಳೆಯ ಮಣಿಗಳೇ ಅದಕ್ಕೆ ಮೂಲವೆಂದು ತನಿಖೆಯಿಂದ ತಿಳಿಯಿತು. ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ.

ತಾಯಿತವನ್ನು ಬಿಡಲು ಮನೆಯವರ ಮನಸ್ಸು ಒಪ್ಪದಿದ್ದರೆ ಅದನ್ನು ತೊಟ್ಟಿಲಿನಿಂದ ದೂರ, ಮಗುವಿನ ಕೈಗೆ ಎಟುಕದ ಜಾಗದಲ್ಲಿ ಇಡಬಹುದು. ಮಲಗಿಸುವಾಗ ಕೊರಳಲ್ಲಿ ಏನೂ ಇರಬಾರದು.

ಹಿಂದಿನ ಅನುಭವಗಳು

ಹಲ್ಲಿನ ಹೆಸರಿನಲ್ಲಿ ಮಕ್ಕಳಿಗೆ ವಿಷ ಉಣಿಸಿದ ಚರಿತ್ರೆ ಪಾಶ್ಚಾತ್ಯ ದೇಶಗಳಲ್ಲಿಯೂ ದೀರ್ಘವಾಗಿದೆ. 19ನೆಯ ಶತಮಾನದ ಮಧ್ಯಭಾಗದಿಂದ ಅಮೆರಿಕದಲ್ಲಿ ಮನೆಮಾತಾಗಿದ್ದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್‌ನಲ್ಲಿ ಇದ್ದುದು ಮಾರ್ಫಿನ್. ಅದನ್ನು ಕುಡಿದ ಮಕ್ಕಳು ಅಳು ನಿಲ್ಲಿಸುತ್ತಿದ್ದರು, ಅನೇಕರು ಮತ್ತೆ ಏಳುತ್ತಲೇ ಇರಲಿಲ್ಲ. ಬ್ರಿಟನ್ನಿನ ಹಲ್ಲಿನ ಪುಡಿಗಳಲ್ಲಿ ಪಾದರಸದ ಲವಣವಾದ ಕ್ಯಾಲೊಮೆಲ್ ಇತ್ತು. ಕೈಕಾಲು ಕೆಂಪಾಗಿ ನೋಯುವ 'ಪಿಂಕ್ ಡಿಸೀಸ್' ಎಂಬ ಕಾಯಿಲೆ ದಶಕಗಳ ಕಾಲ ಮಕ್ಕಳನ್ನು ಕಾಡಿತು. 1954ರಲ್ಲಿ ಆ ಪುಡಿಗಳಿಂದ ಪಾದರಸವನ್ನು ಕೈಬಿಟ್ಟ ಮೇಲೆ ಕಾಯಿಲೆ ಬಹುತೇಕ ಮಾಯವಾಯಿತು.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ನೈಜೀರಿಯಾದಲ್ಲಿ 2008ರ ಕೊನೆಯಲ್ಲಿ 'ಮೈ ಪಿಕಿನ್' ಎಂಬ ಹಲ್ಲಿನ ಸಿರಪ್ ಕುಡಿದ 80ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಮೃತಪಟ್ಟರು. ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿತ್ತು. ಅದೇ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್‌ನಿಂದ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಹಲವು ಮಕ್ಕಳು ಸಾವಿಗೀಡಾದರು. ಆ ಬಳಿಕ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು. ಅಗತ್ಯವಿಲ್ಲದ ಸಿರಪ್ ಕೊಡದಿರುವುದೇ ಮೊದಲ ರಕ್ಷಣೆ.

ಮಗುವಿಗೆ ಹಿತ ನೀಡುವ ಕ್ರಮಗಳು

ಸಾಬೂನಿನಿಂದ ತೊಳೆದ ಬೆರಳಿನಿಂದ ವಸಡನ್ನು ಒಂದೆರಡು ನಿಮಿಷ ಮೃದುವಾಗಿ ಒತ್ತಿ ಉಜ್ಜಬೇಕು. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ತಂಪು ಮಾಡಿ, ದೊಡ್ಡವರ ಕಣ್ಣೆದುರಿಗೇ ಕಚ್ಚಲು ಕೊಡಬಹುದು. ಗಟ್ಟಿ ರಬ್ಬರಿನ ಕಚ್ಚುವ ಆಟಿಕೆಯೂ ಆಗುತ್ತದೆ. ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ವಸ್ತು ಬೇಡ, ಅದರಿಂದ ವಸಡಿಗೆ ಗಾಯವಾಗುತ್ತದೆ. ಹಸಿ ಕ್ಯಾರೆಟ್, ಗಟ್ಟಿ ಬಿಸ್ಕತ್ತಿನ ತುಂಡು ಗಂಟಲಲ್ಲಿ ಸಿಲುಕಬಹುದು. ಜೊಲ್ಲನ್ನು ಆಗಾಗ ಒರೆಸಿ ಗಲ್ಲವನ್ನು ಒಣಗಿಸಿದರೆ ಗಂದೆ ಏಳುವುದಿಲ್ಲ. ಎದೆಹಾಲನ್ನು ನಿಲ್ಲಿಸಬಾರದು.

ಹುಣಸೂರು, ಪಿರಿಯಾಪಟ್ಟಣ ಭಾಗದ ತಂಬಾಕು ಬೆಳೆಗಾರರ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಹಸಿ ಎಲೆ ಮುರಿದ, ಬ್ಯಾರನ್‌ಗೆ ಎಲೆ ಕಟ್ಟಿದ ಕೈಗಳಲ್ಲಿ ನಿಕೋಟಿನ್ ಅಂಟಿರುತ್ತದೆ. ಕೀಟನಾಶಕ ಸಿಂಪಡಿಸಿದ ಕೈಗಳ ಮಾತಂತೂ ಹೇಳಬೇಕಿಲ್ಲ. ಚೆನ್ನಾಗಿ ತೊಳೆಯದೆ ಆ ಬೆರಳು ಮಗುವಿನ ಬಾಯಿಗೆ ಹೋಗಕೂಡದು.

ನೋವು ಹೆಚ್ಚಾಗಿ ಮಗು ನಿದ್ರಿಸದಿದ್ದಲ್ಲಿ ವೈದ್ಯರು ತೂಕಕ್ಕೆ ತಕ್ಕಂತೆ ಪ್ಯಾರಾಸಿಟಮಾಲ್ ಸೂಚಿಸಬಹುದು. ಅದರ ಡ್ರಾಪ್ಸ್ ಮತ್ತು ಸಿರಪ್‌ಗಳ ಸಾಂದ್ರತೆ ಬೇರೆ ಬೇರೆಯಾಗಿರುವುದರಿಂದ ಒಂದರ ಅಳತೆಯಲ್ಲಿ ಇನ್ನೊಂದನ್ನು ಕೊಡಬಾರದು. ಅಕ್ಕನ ಮಗುವಿಗೆ ಬರೆದ ಔಷಧ ತಂಗಿಯ ಮಗುವಿಗೆ ಆಗುವುದಿಲ್ಲ.

ಆಸ್ಪತ್ರೆಗೆ ಯಾವಾಗ?

ಮೈಯ ತಾಪ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ಹಲ್ಲಿನ ಕಾರಣದಿಂದಲ್ಲ, ವೈದ್ಯರಿಗೆ ತೋರಿಸಬೇಕು. ಪದೇ ಪದೇ ನೀರಿನಂತೆ ಭೇದಿ, ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಗುಳಿಬಿದ್ದ ಕಣ್ಣು, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ನೀಲಿಗಟ್ಟಿದ ತುಟಿ ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಅದು ನ್ಯುಮೋನಿಯಾದ ಲಕ್ಷಣವಾಗಿರಬಹುದು.

ಭೇದಿ ಆರಂಭವಾದೊಡನೆ ಎದೆಹಾಲಿನ ಜೊತೆಗೆ ಓಆರ್‌ಎಸ್ ದ್ರಾವಣವನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಅದನ್ನು ಪೂರ್ತಿ ಕರಗಿಸಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಸತು ಮಾತ್ರೆ ಕೊಡುವುದು ಸರ್ಕಾರಿ ಚಿಕಿತ್ಸಾ ಕ್ರಮ. ಓಆರ್‌ಎಸ್ ಮತ್ತು ಸತು ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ದೊರೆಯುತ್ತವೆ.

ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಬರಬೇಕಾಗುತ್ತದೆ. ತಾಲ್ಲೂಕು ಕೇಂದ್ರಗಳಿಂದಲೇ ಅದು ಸುಮಾರು 40ರಿಂದ 70 ಕಿಲೋಮೀಟರ್ ದೂರ, ಕಾಡಂಚಿನ ಹಾಡಿಗಳಿಂದ ಇನ್ನೂ ಹೆಚ್ಚು. ಆದ್ದರಿಂದ ಸಂಜೆಯವರೆಗೆ ನೋಡೋಣವೆಂದು ಕಾಯುವುದು ಇಲ್ಲಿನ ಮಕ್ಕಳಿಗೆ ಮತ್ತಷ್ಟು ದುಬಾರಿ. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡಬೇಕು. ಮಗುವಿಗೆ ಏನಾದರೂ ನೆಕ್ಕಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಪೊಟ್ಟಣ, ಬಾಟಲಿ ಅಥವಾ ಬೇರಿನ ತುಂಡನ್ನು ಜೊತೆಗೇ ಒಯ್ದರೆ ವೈದ್ಯರಿಗೆ ನೆರವಾಗುತ್ತದೆ.

ಅಜ್ಜಿಯರ ಅನುಭವವನ್ನು ಅಲ್ಲಗಳೆಯಬೇಕಾದ ಅಗತ್ಯ ಇಲ್ಲಿಲ್ಲ. ಅಳುವ ಮಗುವನ್ನು ಎತ್ತಿ ಆಡಿಸುವುದು, ಬೆರಳಿನಿಂದ ವಸಡು ನೀವುವುದು, ತೊಡೆಯ ಮೇಲೆ ಮಲಗಿಸಿ ತಟ್ಟುವುದು ಅವರೇ ಕಲಿಸಿದ ವಿದ್ಯೆ, ವೈದ್ಯರು ಹೇಳುವುದೂ ಅದನ್ನೇ. ಬಿಡಬೇಕಾದುದು ಆ ಬೆರಳಿಗೆ ಹಚ್ಚಿಕೊಳ್ಳುವ ಜೇನು, ಬಿಳಿಗಾರ ಮತ್ತು ಮುಲಾಮನ್ನು ಮಾತ್ರ.